ಕಾದು ಕೂರುವವರ ಖರ್ಚು

ಆಗುಂಬೆ ಘಾಟಿಯ ತಿರುವುಗಳಲ್ಲಿ ಉದ್ದದ ಬಸ್ಸು ತಿರುಗುವುದಿಲ್ಲ. ಹಾಗಾಗಿ ಬಯಲುಸೀಮೆಯಿಂದ ಶೃಂಗೇರಿಗೆ ಬರುವ ದೊಡ್ಡ ಪ್ರವಾಸಿ ಬಸ್ಸುಗಳು ಶಾರದಾಂಬೆಯ ದರ್ಶನ ಮುಗಿಸಿ, ಮಠದಲ್ಲಿ ಊಟ ಮಾಡಿಸಿಕೊಂಡು, ನೆಮ್ಮಾರು, ಕೆರೆಕಟ್ಟೆ ಮಾರ್ಗವಾಗಿ ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳದ ಕಡೆಗೆ ಇಳಿಯುತ್ತವೆ. ಡಿಸೆಂಬರ್ ಬಂತೆಂದರೆ ಈ ರಸ್ತೆಯಲ್ಲಿ ಶಾಲೆ ಮಕ್ಕಳದೇ ಕಾರುಬಾರು. ಕಿಟಕಿಯಿಂದ ಕೈ ಬೀಸುತ್ತ, ಅಂತ್ಯಾಕ್ಷರಿ ಹಾಡುತ್ತ ಹೋಗುವ ಆ ಮಕ್ಕಳಲ್ಲಿ ಎಷ್ಟೋ ಮಂದಿ ಸಮುದ್ರವನ್ನು ಮೊದಲ ಸಲ ನೋಡಲು ಹೊರಟವರು. ಸಂಜೆಗೆ ಮಲ್ಪೆ, ಮರುದಿನ ಮುರ್ಡೇಶ್ವರ.

ಕೆರೆಕಟ್ಟೆಯಿಂದ ಅರಬ್ಬಿ ಸಮುದ್ರಕ್ಕೆ ಬಸ್ಸಿನಲ್ಲಿ ಎರಡು, ಎರಡೂವರೆ ಗಂಟೆಯ ದಾರಿ ಅಷ್ಟೆ. ಆದರೆ ಇಲ್ಲಿ ಬಿದ್ದ ಮಳೆ ಆ ಕಡೆ ಹೋಗುವುದಿಲ್ಲ. ಅದು ತುಂಗೆಯ ಪಾಲು. ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಸುತ್ತಿ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗಿ ಸೇರುತ್ತದೆ. ನೀರು ಪೂರ್ವಕ್ಕೆ, ಜನ ಪಶ್ಚಿಮಕ್ಕೆ. ಯಾರಾದರೂ ಹೊಳೆಯ ಪಾಲಾದಾಗ ಮಾತ್ರ ಸಂಚಾರ ಉಲ್ಟಾ ಆಗುತ್ತದೆ. ಆಗ ಕಡಲಿನಲ್ಲಿ ಪಳಗಿದವರು ಸಿಲಿಂಡರ್ ಹೊತ್ತುಕೊಂಡು ಘಟ್ಟ ಹತ್ತಿ ಬರಬೇಕಾಗುತ್ತದೆ. ಹಾಗೆ ಬರುವವರು ಯಾರು, ಅವರ ಖರ್ಚು ಯಾರು ಕೊಡುತ್ತಾರೆ ಎಂಬುದು ಘಟ್ಟದ ಮೇಲಿನವರಿಗೂ ಬೇಕಾದ ವಿಚಾರವೇ.

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಿನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಮಕ್ಕಳ ಜೊತೆಗಿದ್ದ ಶಿಕ್ಷಕರ ಬಂಧನವಾಯಿತು, ಬೀಚಿಗೆ ಇಳಿಯುವುದನ್ನು ಕೆಲಕಾಲ ನಿಲ್ಲಿಸಲಾಯಿತು, ಸರ್ಕಾರ ಪ್ರತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಪರಿಹಾರ ಕೊಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕಪತ್ರ ನೋಡುವವರ ಕಣ್ಣಿಗೆ ಬೇರೊಂದು ಸಂಗತಿಯೂ ಬೀಳಬೇಕು. ನಮ್ಮಲ್ಲಿ ಸಾವು ಆದ ಮೇಲೆ ಹಣ ಸಿಗುತ್ತದೆ, ಅದೂ ಎರಡೇ ದಿನದಲ್ಲಿ. ಸಾವು ಆಗದಂತೆ ದಡದಲ್ಲಿ ನಿಂತು ಕಾಯುವವನ ಸಂಬಳಕ್ಕೆ, ಅವನ ಕೈಯ ಹಗ್ಗಕ್ಕೆ, ಅವನ ದೋಣಿಯ ಇಂಜಿನ್ ರಿಪೇರಿಗೆ ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತದೆ.

ಜೀವರಕ್ಷಣೆಯ ಖರ್ಚಿನ ಸ್ವಭಾವವೇ ಹಾಗೆ. ಒಂದು ರಕ್ಷಣಾ ದೋಣಿ ವರ್ಷಕ್ಕೆ ಇಪ್ಪತ್ತು ಸಲ ನೀರಿಗಿಳಿಯುತ್ತದೆ ಎಂದಿಟ್ಟುಕೊಳ್ಳಿ. ಆ ಇಪ್ಪತ್ತು ದಿನದ ಎಣ್ಣೆಯ ಖರ್ಚನ್ನು ಯಾರಾದರೂ ಕೊಟ್ಟಾರು. ಸುದ್ದಿಯಾಗುತ್ತದೆ, ಫೋಟೋ ಬರುತ್ತದೆ, ದಾನಿಗಳಿಗೂ ಹುರುಪು. ಉಳಿದ 345 ದಿನಗಳ ಗತಿ? ಉಪ್ಪುಗಾಳಿಗೆ ಇಂಜಿನ್ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ಆಗಾಗ ಚಾಲೂ ಮಾಡಿ ಇಡಬೇಕು. ಲೈಫ್ ಜಾಕೆಟ್‌ನ ಹೊಲಿಗೆ ಬಿಟ್ಟಿದೆಯೇ, ಸಿಲಿಂಡರ್ ತುಂಬಿದೆಯೇ, ಟಾರ್ಚಿನ ಬ್ಯಾಟರಿ ಇದೆಯೇ ನೋಡಬೇಕು. ಹುಡುಗರಿಗೆ ತಿಂಗಳಿಗೊಮ್ಮೆಯಾದರೂ ತಾಲೀಮು ಕೊಡಬೇಕು. ಅವರಿಗೆ ವಿಮೆ ಕಟ್ಟಬೇಕು. ಇದು ಯಾವುದೂ ಫೋಟೋಕ್ಕೆ ಸಿಗುವ ಕೆಲಸವಲ್ಲ. ಹೋಗುವುದರ ಖರ್ಚು ಸಣ್ಣದು, ಕಾದು ಕೂರುವುದರ ಖರ್ಚು ದೊಡ್ಡದು. ಜಗತ್ತಿನಲ್ಲಿ ಯಾವ ಕರಾವಳಿ ಈ ಎರಡನೆಯ ಖರ್ಚಿಗೆ ದಾರಿ ಕಂಡುಕೊಂಡಿದೆಯೋ ಅಲ್ಲಿ ರಕ್ಷಣಾ ಸೇವೆ ಉಳಿದಿದೆ.

ಮೊದಲು ನಮ್ಮ ಕರಾವಳಿಯಲ್ಲಿ ಯಾರ ಹೊಣೆ ಎಲ್ಲಿಂದ ಎಲ್ಲಿಗೆ ಎಂದು ನೋಡೋಣ. ಆಳ ಸಮುದ್ರದಲ್ಲಿ ಅನಾಹುತವಾದರೆ ಹುಡುಕುವ, ಕಾಪಾಡುವ ಹೊಣೆ ಭಾರತೀಯ ಕೋಸ್ಟ್ ಗಾರ್ಡ್‌ನದು. 1977ರಲ್ಲಿ ಶುರುವಾಗಿ 1978ರ ಕಾಯ್ದೆಯಿಂದ ಗಟ್ಟಿಯಾದ ಈ ಪಡೆಗೆ ಕರ್ನಾಟಕದ ಮಟ್ಟಿಗೆ ಪಣಂಬೂರಿನಲ್ಲಿ ಜಿಲ್ಲಾ ಪ್ರಧಾನ ಕಚೇರಿ ಇದೆ. ಹಣ ಪೂರ್ತಿ ಕೇಂದ್ರ ಸರ್ಕಾರದ್ದು. ದಡಕ್ಕೆ ಹತ್ತಿರದ ನೀರಿನಲ್ಲಿ ರಾಜ್ಯದ ಕರಾವಳಿ ಕಾವಲು ಪೊಲೀಸರು; ಮಲ್ಪೆಯಲ್ಲಿ ಅವರ ಕೇಂದ್ರ ಕಚೇರಿ, ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆ. ಇನ್ನು ಜನ ಆಡುವ ಬೀಚುಗಳಲ್ಲಿ ಪ್ರವಾಸೋದ್ಯಮ ಇಲಾಖೆಯೋ ಬೀಚ್ ಸಮಿತಿಯೋ ನೇಮಿಸಿದ ಲೈಫ್‌ಗಾರ್ಡ್‌ಗಳು, ಮಳೆಗಾಲದಲ್ಲಿ ಗೃಹರಕ್ಷಕ ದಳದವರು. ಕಾಗದದ ಮೇಲೆ ಎಲ್ಲ ಸರಿಯಾಗಿದೆ.

ದೊಡ್ಡ ಅನಾಹುತದಲ್ಲಿ ಈ ವ್ಯವಸ್ಥೆ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಿಗೆ ಕಾಪು ಆಚೆಯ ಬಂಡೆಗಳಿಗೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್’ ಟಗ್‌ನಿಂದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಕರೆತಂದವು. 2025ರ ಜೂನ್‌ನಲ್ಲಿ ಕೇರಳ ಕರಾವಳಿಯಾಚೆ ಬೆಂಕಿ ಬಿದ್ದ ‘ವಾನ್ ಹೈ 503’ ಹಡಗಿನ 18 ಮಂದಿಯನ್ನು ಮಂಗಳೂರಿಗೆ ತಂದು ಇಳಿಸಿದ್ದೂ ಇದೇ ವ್ಯವಸ್ಥೆ. ಅಂಥ ಕೆಲಸ ಹೆಲಿಕಾಪ್ಟರ್ ಇಲ್ಲದ ಯಾವ ಸ್ವಯಂಸೇವಕರಿಂದಲೂ ಆಗದು.

ತೊಂದರೆ ಇರುವುದು ಸಣ್ಣ ಅನಾಹುತಗಳಲ್ಲಿ. ಒಬ್ಬನೇ ಒಬ್ಬ ಹುಡುಗ, ಮಗುಚಿದ ಒಂದು ನಾಡದೋಣಿ, ಸೇತುವೆಯಿಂದ ಬಿದ್ದ ಒಂದು ಕಾರು. ಅಲ್ಲಿಗೆ ಮೊದಲು ಮುಟ್ಟುವವರು ಮೀನುಗಾರರು. ಅವರು ಹೊರಡಲು ಯಾರ ಆದೇಶವೂ ಬೇಡ. ವಯರ್‌ಲೆಸ್ಸಿನಲ್ಲಿ ಕೂಗು ಕೇಳಿದರೆ ಬೋಟು ನಡೆಸುವ ತಾಂಡೇಲ ಬಲೆ ಎಳೆಯುವುದನ್ನು ನಿಲ್ಲಿಸಿ ಬೋಟು ತಿರುಗಿಸುತ್ತಾನೆ. ಅಂದಿನ ಮೀನು ಹೋಯಿತು, ಬೋಟಿನಲ್ಲಿ ದುಡಿಯುವ ಕಲಾಸಿಗಳ ಪಾಲು ಹೋಯಿತು, ಡೀಸೆಲ್ ಹೋಯಿತು. ಯಾಂತ್ರೀಕೃತ ಬೋಟುಗಳಿಗೆ ಸರ್ಕಾರ ಕೊಡುವ ತೆರಿಗೆರಹಿತ ಡೀಸೆಲ್‌ಗೆ ಮಿತಿ ಇದೆ. ನಾಡದೋಣಿಗಳ ಸಬ್ಸಿಡಿ ಸೀಮೆಎಣ್ಣೆಗೂ ಮಿತಿ ಇದೆ. ಹುಡುಕಾಟಕ್ಕೆ ಉರಿದ ಎಣ್ಣೆ ಆ ಕೋಟಾದಿಂದಲೇ ಕಳೆಯುತ್ತದೆ. ಅದರ ಮೇಲೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಡಲು ಅತ್ಯಂತ ಒರಟಾಗಿರುವ ಆ ದಿನಗಳಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುತ್ತವೆ. ನೀರಿನಲ್ಲಿ ಇರುವುದು ನಾಡದೋಣಿ ಮಾತ್ರ. ಅಂದರೆ ಕಾಪಾಡುವವನೂ ಅಪಾಯದಲ್ಲಿ ಇರುವವನೂ ಒಂದೇ ಗಾತ್ರದ ದೋಣಿಯಲ್ಲಿ ಇರುತ್ತಾರೆ.

ತಮ್ಮವರೇ ಕಾಣೆಯಾದಾಗ ಮೀನುಗಾರರಿಗೆ ಈ ವ್ಯವಸ್ಥೆಯ ಇನ್ನೊಂದು ಮುಖ ಕಂಡಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರ ಸಮೇತ ಕಣ್ಮರೆಯಾಯಿತು. ಮರು ತಿಂಗಳು ಮೀನುಗಾರರು ಮೀನುಗಾರಿಕೆ ನಿಲ್ಲಿಸಿ ಹೆದ್ದಾರಿಗೆ ಇಳಿದು, ನಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. ಊರವರ ಕರೆಗೆ ಬೋಟು ತಿರುಗಿಸುವ ಜನ ತಮ್ಮ ಸರದಿ ಬಂದಾಗ ರಸ್ತೆಯಲ್ಲಿ ಕೂರಬೇಕಾಯಿತು. 2019ರ ಮೇ ಮೊದಲ ವಾರ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಆಚೆ ಬೋಟಿನ ಅವಶೇಷವನ್ನು ಸಮುದ್ರದ ತಳದಲ್ಲಿ ಪತ್ತೆ ಮಾಡಿತು. ಅಷ್ಟು ಹೊತ್ತಿಗೆ ನಾಲ್ಕು ತಿಂಗಳು ಮೀರಿತ್ತು.

ಕಡಲಿನ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಮುಳುಗುವ ಹಡಗಿನಿಂದ ಸರಕನ್ನು ಉಳಿಸಿಕೊಟ್ಟವನಿಗೆ ಆ ಸರಕಿನ ಬೆಲೆಗೆ ತಕ್ಕಂತೆ ಸಂಭಾವನೆ ಕೇಳುವ ಹಕ್ಕುಂಟು. ದೊಡ್ಡ ದೊಡ್ಡ ಕಂಪನಿಗಳು ಇದನ್ನೇ ಕಸುಬಾಗಿ ನಡೆಸುತ್ತವೆ. ಮನುಷ್ಯರನ್ನು ಉಳಿಸಿದರೆ? ಉಳಿದವರಿಂದ ಒಂದು ಕಾಸೂ ಕೇಳುವಂತಿಲ್ಲ. 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದ ಇದನ್ನು ಬರಹದಲ್ಲೇ ಹೇಳುತ್ತದೆ. ಸರಕು ಉಳಿಸಿದವರಿಗೆ ಬಂದ ದುಡ್ಡಿನಲ್ಲಿ ಜೀವ ಉಳಿಸಿದವನಿಗೂ ಒಂದು ಪಾಲು ಸಿಕ್ಕೀತು, ಅಷ್ಟೆ. ಪ್ರಾಣಕ್ಕೆ ಬೆಲೆ ಕಟ್ಟಬಾರದು ಎಂಬ ನೀತಿ ಸರಿಯೇ. ಆದರೆ ಅದರ ಫಲವಾಗಿ ರೇಷ್ಮೆಯ ಪೆಟ್ಟಿಗೆ ಉಳಿಸುವುದು ವ್ಯಾಪಾರವಾಯಿತು, ಮನುಷ್ಯನನ್ನು ಉಳಿಸುವುದು ಧರ್ಮವಾಯಿತು. ಧರ್ಮದ ಕೆಲಸಕ್ಕೆ ದುಡ್ಡು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಹುಡುಕಿದವು.

ಬ್ರಿಟನ್ನಿನ ಉತ್ತರ ಎಲ್ಲಕ್ಕಿಂತ ಪ್ರಸಿದ್ಧ. 1824ರ ಮಾರ್ಚ್ 4ರಂದು ಲಂಡನ್ನಿನ ಒಂದು ಹೋಟೆಲಿನಲ್ಲಿ ಸರ್ ವಿಲಿಯಂ ಹಿಲರಿ ಎಂಬಾತನ ಒತ್ತಾಸೆಯಿಂದ ಹುಟ್ಟಿದ ಸಂಸ್ಥೆ ಇಂದು ಆರ್‌ಎನ್‌ಎಲ್‌ಐ ಎಂಬ ಹೆಸರಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಕರಾವಳಿಯಲ್ಲಿ 238 ದೋಣಿ ಕೇಂದ್ರಗಳನ್ನು ನಡೆಸುತ್ತಿದೆ. ಅದರ ದೋಣಿಯ ಜನರಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಮೇಸ್ತ್ರಿ, ಮೇಷ್ಟ್ರು, ಅಂಗಡಿಯವರು. ಪೇಜರ್ ಸದ್ದು ಮಾಡಿದರೆ ಕೈಕೆಲಸ ಬಿಟ್ಟು ಓಡುವವರು. ಅವರ ದೊಡ್ಡ ಹೊಸ ದೋಣಿಯೊಂದಕ್ಕೆ 20 ಲಕ್ಷ ಪೌಂಡಿಗೂ ಹೆಚ್ಚು ಬೆಲೆ. ಮುಖ್ಯವಾಗಿ ಇದು ಸರ್ಕಾರದ ಇಲಾಖೆಯಲ್ಲ, ಧರ್ಮಸಂಸ್ಥೆ. 1854ರಿಂದ 1869ರವರೆಗೆ ಸರ್ಕಾರದ ನೆರವು ಪಡೆದು, ಬಳಿಕ ಅದನ್ನು ಬಿಟ್ಟುಕೊಟ್ಟಿತು. ಬರುತ್ತಿದ್ದ ಅನುದಾನವನ್ನು ಬೇಡ ಎಂದ ಸಂಸ್ಥೆಯನ್ನು ಊಹಿಸಿಕೊಳ್ಳಲು ನಮಗೆ ಸ್ವಲ್ಪ ಹೊತ್ತು ಬೇಕು.

ಆದರೆ ಬ್ರಿಟನ್ನಿನವರು ಹುಟ್ಟಾ ದಾನಶೂರರು ಎಂದುಕೊಂಡರೆ ತಪ್ಪು. ಸಂಸ್ಥೆಯ ಮೊದಲ ಎಪ್ಪತ್ತು ವರ್ಷ ದುಡ್ಡು ಬರುತ್ತಿದ್ದದ್ದು ಸಿರಿವಂತರ ಸಣ್ಣ ವಲಯದಿಂದ. ಅದು ಬದಲಾದದ್ದು ಒಂದು ದುರಂತದಿಂದ. 1886ರ ಡಿಸೆಂಬರ್ 9ರ ರಾತ್ರಿ ಲಂಕಾಶೈರ್ ಕರಾವಳಿಯಲ್ಲಿ ‘ಮೆಕ್ಸಿಕೋ’ ಎಂಬ ಜರ್ಮನ್ ಹಾಯಿಹಡಗು ಬಿರುಗಾಳಿಗೆ ಸಿಕ್ಕಿತು. ಮೂರು ಊರುಗಳಿಂದ ಮೂರು ರಕ್ಷಣಾ ದೋಣಿಗಳು ಹೊರಟವು. ಲಿಥಮ್‌ನ ದೋಣಿ ಹಡಗಿನ 12 ಮಂದಿಯನ್ನೂ ಕರೆತಂದಿತು. ಸೇಂಟ್ ಆನ್ಸ್ ಮತ್ತು ಸೌತ್‌ಪೋರ್ಟ್‌ನ ದೋಣಿಗಳು ಮಗುಚಿ 27 ರಕ್ಷಕರು ಸತ್ತರು. ಸೇಂಟ್ ಆನ್ಸ್ ದೋಣಿಯಲ್ಲಿದ್ದ 13 ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಹಡಗಿನವರು ಬದುಕಿದರು, ಕಾಪಾಡಲು ಹೋದವರ ಮನೆಗಳಲ್ಲಿ ವಿಧವೆಯರೂ ತಬ್ಬಲಿ ಮಕ್ಕಳೂ ಉಳಿದರು.

ಸೇಂಟ್ ಆನ್ಸ್‌ನಲ್ಲೇ ಮನೆ ಮಾಡಿಕೊಂಡಿದ್ದ ಚಾರ್ಲ್ಸ್ ಮಕಾರಾ ಎಂಬ ಹತ್ತಿಗಿರಣಿ ಮಾಲೀಕ ಆ ಕುಟುಂಬಗಳಿಗಾಗಿ ಹಣ ಕೂಡಿಸುವಾಗ ಸಂಸ್ಥೆಯ ಲೆಕ್ಕಪುಸ್ತಕ ನೋಡಿದ. ಇಡೀ ದೇಶದ ಕಡಲು ಕಾಯುವ ಸಂಸ್ಥೆಗೆ ದುಡ್ಡು ಕೊಡುತ್ತಿದ್ದವರು ಬೆರಳೆಣಿಕೆಯ ಜನ. 1891ರ ಒಂದು ಶನಿವಾರ ಅವನು ಮ್ಯಾಂಚೆಸ್ಟರ್ ನಗರದ ಬೀದಿಗಳಲ್ಲಿ ರಕ್ಷಣಾ ದೋಣಿಗಳ ಮೆರವಣಿಗೆ ಮಾಡಿಸಿದ. ಸಮುದ್ರದಿಂದ ಎಷ್ಟೋ ದೂರದ, ಗಿರಣಿ ಹೊಗೆಯ ಊರು ಅದು. ಹೆಂಗಸರು ಉದ್ದನೆಯ ಕೋಲಿನ ತುದಿಗೆ ಚೀಲ ಕಟ್ಟಿಕೊಂಡು, ಮಹಡಿಯ ಕಿಟಕಿಯಲ್ಲಿ ನಿಂತವರ, ಟ್ರಾಮಿನ ಮೇಲಂತಸ್ತಿನಲ್ಲಿ ಕೂತವರ ಕೈಗೂ ಎಟಕುವಂತೆ ಚಾಚಿ ಚಿಲ್ಲರೆ ಸಂಗ್ರಹಿಸಿದರು. ಬೀದಿಯಲ್ಲಿ ಡಬ್ಬಿ ಹಿಡಿದು ಧರ್ಮಕಾರ್ಯಕ್ಕೆ ಹಣ ಎತ್ತುವ ಪದ್ಧತಿ ಅಲ್ಲಿ ಬಲವಾದದ್ದು ಆ ಶನಿವಾರದಿಂದ. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಮ್ಯಾಂಚೆಸ್ಟರ್. ಅಲೆ ಕಾಣದ ಊರಿನವರೂ ಅಲೆಯ ಖರ್ಚಿನಲ್ಲಿ ಪಾಲು ಹಾಕಬೇಕು ಎಂದು ಒಬ್ಬ ಗಿರಣಿ ಮಾಲೀಕನಿಗೆ ಹೊಳೆಯಿತು.

ಈಗ ಆ ಸಂಸ್ಥೆಯ ದೊಡ್ಡ ಆದಾಯ ಡಬ್ಬಿಯದ್ದಲ್ಲ, ಉಯಿಲಿನದು. ಹತ್ತು ಸಲ ದೋಣಿ ನೀರಿಗಿಳಿದರೆ ಅದರಲ್ಲಿ ಆರು ಸಲ ಇಳಿಯುವುದು ಸತ್ತವರು ಬರೆದಿಟ್ಟುಹೋದ ಹಣದಿಂದ ಎಂದು ಸಂಸ್ಥೆಯೇ ಹೇಳಿಕೊಳ್ಳುತ್ತದೆ. ಇದು ನಮಗೆ ಪರಕೀಯ ಎನಿಸಬೇಕಾಗಿಲ್ಲ. ಮಲೆನಾಡಿನ ಯಾವ ದೇವಸ್ಥಾನದ ಕಚೇರಿಗೆ ಹೋದರೂ ಶಾಶ್ವತ ಪೂಜೆಯ ಪಟ್ಟಿ ಇರುತ್ತದೆ. ತೀರಿಕೊಂಡ ಅಪ್ಪಯ್ಯನ ಹೆಸರಿನಲ್ಲಿ ಒಂದು ಇಡುಗಂಟು ಕಟ್ಟಿದರೆ ಅದರ ಬಡ್ಡಿಯಲ್ಲಿ ಪ್ರತಿವರ್ಷ ಆ ತಿಥಿಗೆ ಪೂಜೆ, ಮನೆಗೆ ಅಂಚೆಯಲ್ಲಿ ಪ್ರಸಾದ. ಉಯಿಲಿನ ದುಡ್ಡಿನಿಂದ ದೋಣಿ ಇಡುವುದೂ ಇದಕ್ಕೆ ಹತ್ತಿರದ ಲೆಕ್ಕಾಚಾರ. ಶಾಶ್ವತ ಪೂಜೆಯಲ್ಲಿ ಅಸಲು ಮುಟ್ಟುವುದಿಲ್ಲ, ಪೂಜೆ ತಪ್ಪುವುದಿಲ್ಲ, ಕೊಟ್ಟವರು ಇಲ್ಲದಿದ್ದರೂ ನಡೆಯುತ್ತದೆ. ಕಾದು ಕೂರುವ ಖರ್ಚಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಕಾಣೆ. ನಮಗೆ ಪದ್ಧತಿ ಗೊತ್ತು, ಸಂಸ್ಥೆ ಇಲ್ಲ.

ಜರ್ಮನಿಯ ರಕ್ಷಣಾ ಸಂಸ್ಥೆ 1865ರದು. 1875ರಿಂದ ಅದು ಪುಟ್ಟ ದೋಣಿಯ ಆಕಾರದ ಹುಂಡಿಗಳನ್ನು ಹೋಟೆಲು, ಅಂಗಡಿ, ಬ್ಯಾಂಕುಗಳ ಕೌಂಟರಿನಲ್ಲಿ ಇಡುತ್ತ ಬಂದಿದೆ. ಈಗ ದೇಶದುದ್ದಕ್ಕೂ ಅಂಥ ಸುಮಾರು 14,000 ದೋಣಿ-ಹುಂಡಿಗಳಿವೆ. ನೆದರ್ಲೆಂಡ್ಸಿನ ಸಂಸ್ಥೆಗೂ ಬ್ರಿಟನ್ನಿನದರಷ್ಟೇ ವಯಸ್ಸು, ಅದೂ ದಾನದ ಮೇಲೆಯೇ ನಡೆಯುವಂಥದ್ದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಬೇರೆ ದಾರಿ ಹಿಡಿದಿದೆ: ಮೋಜಿಗೆ ದೋಣಿ ಇಟ್ಟುಕೊಂಡವರು ನೋಂದಣಿ, ಲೈಸೆನ್ಸ್ ಮಾಡಿಸುವಾಗ ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಸ್ವಯಂಸೇವಾ ರಕ್ಷಣಾ ಪಡೆಗೆ ಹೋಗುತ್ತದೆ. ನೆರೆಯ ಗೋವಾ 2008ರಿಂದ ಬೀಚು ಕಾಯುವ ಕೆಲಸವನ್ನು ದೃಷ್ಟಿ ಎಂಬ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು ಸರ್ಕಾರದ ಬೊಕ್ಕಸದಿಂದ ಹಣ ಕೊಡುತ್ತಿದೆ. ಅಂದಹಾಗೆ ಬ್ರಿಟನ್ನಿನಲ್ಲೂ ಬೀಚಿನ ಲೈಫ್‌ಗಾರ್ಡ್‌ಗಳು ಸ್ವಯಂಸೇವಕರಲ್ಲ, ಸಂಬಳದವರು. ಖರ್ಚಿನಲ್ಲಿ ಒಂದು ಪಾಲನ್ನು ಸ್ಥಳೀಯ ಆಡಳಿತಗಳು ಕೊಡುತ್ತವೆ. ಕರೆ ಬಂದಾಗ ಓಡಿಹೋಗುವ ಕೆಲಸವನ್ನು ಸೇವೆಯಾಗಿ ಮಾಡಬಹುದು, ದಿನವಿಡೀ ಬಿಸಿಲಿನಲ್ಲಿ ನಿಂತು ನೀರು ನೋಡುವ ಕೆಲಸವನ್ನು ಹಾಗೆ ಮಾಡಿಸಲಾಗದು. ನಮ್ಮಲ್ಲಿ ಈ ಎರಡನ್ನೂ ಒಂದೇ ಎಂದುಕೊಂಡು ಎಡವುತ್ತೇವೆ.

2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಮೀನುಗಾರರು ಮಾಡಿದ್ದನ್ನು ಮರೆತವರಿಲ್ಲ. ಸುಮಾರು 4,500 ಮಂದಿ, 650ಕ್ಕೂ ಹೆಚ್ಚು ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದು ಮುಳುಗಿದ ಮನೆಗಳ ಬಾಗಿಲಿಗೆ ದೋಣಿ ತಂದರು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರನ್ನು ರಾಜ್ಯದ ಸ್ವಂತ ಸೈನ್ಯ ಎಂದು ಕೊಂಡಾಡಿದರು. ದಿನಕ್ಕೆ 3,000 ರೂಪಾಯಿ, ಇಂಧನ, ದೋಣಿಯ ರಿಪೇರಿ ಖರ್ಚು ಕೊಡುವುದಾಗಿ ಸರ್ಕಾರ ಹೇಳಿತು. ದಿನದ ದುಡ್ಡು ನಮಗೆ ಬೇಡ ಎಂದವರೂ ಅವರಲ್ಲಿದ್ದರು. ಆದರೆ ಗೋಡೆಗೆ, ಕಾಂಪೌಂಡಿಗೆ ಬಡಿದು ತಳ ಒಡೆದ ದೋಣಿಗಳಿಗೆ ರಿಪೇರಿ ಆಗಲೇಬೇಕಿತ್ತು. ಅವರು ಕೂಲಿಯನ್ನು ಬೇಡವೆನ್ನಬಲ್ಲರು, ಫೈಬರ್ ಹಚ್ಚುವವನು ತನ್ನ ಬಿಲ್ಲನ್ನು ಬೇಡ ಎನ್ನುವುದಿಲ್ಲ.

ನಮ್ಮ ಕರಾವಳಿಯಲ್ಲಿ ಈ ಸೇವೆಗೆ ಒಬ್ಬರ ಹೆಸರು ಮನೆಮಾತಾಗಿದೆ. ಮಲ್ಪೆಯ ಈಶ್ವರ್ ಮಲ್ಪೆ. ಹೊಳೆ, ಕಡಲು, ಕೆರೆ ಎಲ್ಲೇ ಆಗಲಿ, ಕರೆ ಬಂದರೆ ಹಣ ಕೇಳದೆ ಇಳಿಯುವ ಮುಳುಗು ತಜ್ಞ ಎಂದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ತಣ್ಣೀರುಬಾವಿ, ಪಣಂಬೂರಿನ ಈಜುಗಾರರ ತಂಡಗಳದೂ ಇದೇ ಕಥೆ. 2019ರ ಜುಲೈ ಕೊನೆಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಕಾಫಿ ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರಿಗಾಗಿ ನೇತ್ರಾವತಿಯಲ್ಲಿ ಹುಡುಕಾಟ ನಡೆದಾಗ ಎನ್‌ಡಿಆರ್‌ಎಫ್, ಕೋಸ್ಟ್ ಗಾರ್ಡ್ ಎಲ್ಲ ಇದ್ದರೂ ಹೊಯ್ಗೆಬಜಾರ್ ಬಳಿ ಮೃತದೇಹವನ್ನು ಮೊದಲು ಕಂಡವರು ಸ್ಥಳೀಯ ಮೀನುಗಾರರು. ಹೊಳೆಯ ಇಳಿತ-ಭರತ ತಿಳಿದವರಿಗೆ ನೀರು ಯಾವುದನ್ನು ಎಲ್ಲಿಗೆ ಒಯ್ದು ಬಿಡುತ್ತದೆ ಎಂಬ ಅಂದಾಜಿರುತ್ತದೆ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕನೊಬ್ಬ ಜಾರಿಬಿದ್ದಾಗ ಶೋಧ ಒಂದು ವಾರ ನಡೆಯಿತು. ಚಿತ್ರದುರ್ಗದ ಕೋಟೆ ಹತ್ತುವ ಜ್ಯೋತಿರಾಜ್ ಕೂಡ ಬಂದು ಬಂಡೆಯ ಸಂದಿಗಳನ್ನು ನೋಡಿದರು. 2024ರ ಜುಲೈ 16ರ ಶಿರೂರು ಗುಡ್ಡಕುಸಿತದ ನಂತರ ಗಂಗಾವಳಿ ಹೊಳೆಯ ಕೆಸರಿನಲ್ಲಿ ಹೂತುಹೋದ ಲಾರಿ ಹುಡುಕಲು ಈಶ್ವರ್ ಮಲ್ಪೆ ಪದೇ ಪದೇ ಮುಳುಗಿದರು. ಕೊನೆಗೆ ಗೋವಾದಿಂದ ಡ್ರೆಜ್ಜರ್ ತಂದ ಮೇಲೆ, ಸೆಪ್ಟೆಂಬರ್ 25ರಂದು, ಲಾರಿ ಮೇಲೆ ಬಂತು. ಡ್ರೆಜ್ಜರ್‌ಗೆ ಬಾಡಿಗೆ ಇದೆ, ಅದನ್ನು ಸರ್ಕಾರ ಕೊಟ್ಟಿತು. ಮುಳುಗಿದವರಿಗೆ ಶಾಲು, ಹಾರ, ಏಲಕ್ಕಿ ಮಾಲೆ.

ಮುಳುಗುವುದು ಎಂದರೇನು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆನ್ನಿಗೆ ಕಟ್ಟಿಕೊಳ್ಳುವುದನ್ನು ನಾವು ಆಕ್ಸಿಜನ್ ಸಿಲಿಂಡರ್ ಎನ್ನುತ್ತೇವೆ. ಒಳಗಿರುವುದು ಒತ್ತಿ ತುಂಬಿದ ಸಾಮಾನ್ಯ ಗಾಳಿ. ಶುದ್ಧ ಆಮ್ಲಜನಕವನ್ನು ಆರೇಳು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳವು ಬರಬಹುದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಹಿಡಿಯುತ್ತದೆ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಸಾಕಾದರೆ ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ 40 ಲೀಟರ್ ಬೇಕು. ಲೆಕ್ಕಕ್ಕೆ ಒಂದು ಗಂಟೆ. ಸೆಳೆತದ ವಿರುದ್ಧ ಒದ್ದಾಡುತ್ತ, ಮೇಲೆ ಬರಲು ಒಂದಿಷ್ಟು ಉಳಿಸಿಕೊಂಡರೆ ಅರ್ಧ ಗಂಟೆಯೇ ಹೆಚ್ಚು. ಮಳೆಗಾಲದ ಕೆಂಪು ನೀರಿನಲ್ಲಿ ಸ್ವಂತ ಕೈ ಕಾಣುವುದಿಲ್ಲ. ಬೆರಳಿನಿಂದ ತಡವುತ್ತ ಹೋಗಬೇಕು: ಇದು ಕಲ್ಲು, ಇದು ಮರದ ಬೇರು, ಇದು ಬಟ್ಟೆ. ಬೇರಿಗೆ ಪೈಪು ಸಿಕ್ಕಿಕೊಂಡರೆ ಹೊರಗಿನವರಿಗೆ ಗೊತ್ತಾಗುವುದು ಸೊಂಟಕ್ಕೆ ಕಟ್ಟಿದ ಹಗ್ಗದ ಜಗ್ಗಿನಿಂದ ಮಾತ್ರ. ಸಿಲಿಂಡರ್ ಖಾಲಿಯಾದ ಮೇಲೆ ಮತ್ತೆ ತುಂಬಲು ಉಸಿರಾಟದ ಗಾಳಿಗೆಂದೇ ಇರುವ ಕಂಪ್ರೆಸರ್ ಬೇಕು, ಪಂಕ್ಚರ್ ಅಂಗಡಿಯದು ಆಗದು. ಅದಕ್ಕೆ ಮತ್ತೆ ಘಟ್ಟ ಇಳಿಯಬೇಕು.

ಇದಕ್ಕಿಂತ ಕಠಿಣವಾದ ಇನ್ನೊಂದು ಲೆಕ್ಕ ಇದೆ. ಉಸಿರು ನಿಂತ ಮೇಲೆ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಮಲ್ಪೆಯಿಂದ ಶೃಂಗೇರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ, ಮಳೆಗಾಲದಲ್ಲಿ ಮರ ಬಿದ್ದರೆ ಕೇಳುವುದೇ ಬೇಡ. ಹಾಗೆ ಬಂದವರು ತರಬಲ್ಲದ್ದು ಶವವನ್ನು. ಅದೂ ದೊಡ್ಡ ಉಪಕಾರವೇ. ಮೈ ಸಿಗದ ಮನೆಯ ಸಂಕಟ ಹೊಳೆದಂಡೆಯ ಊರುಗಳಿಗೆ ಗೊತ್ತು. ಆದರೆ ಅದನ್ನು ಜೀವರಕ್ಷಣೆ ಎಂದು ಕರೆದು ನಮ್ಮನ್ನು ನಾವು ಸಮಾಧಾನ ಮಾಡಿಕೊಳ್ಳಬಾರದು. ಜೀವ ಉಳಿಸಬೇಕಾದರೆ ರಕ್ಷಕ ಆರು ನಿಮಿಷದ ದೂರದಲ್ಲಿ ಇರಬೇಕು. ಅಂದರೆ ಅವನು ಊರಿನವನೇ ಆಗಿರಬೇಕು.

ಕೆರೆಕಟ್ಟೆ, ನೆಮ್ಮಾರಿನ ಮೇಲೆ ಎರಡು ದಿನ ಜಡಿಮಳೆ ಹೊಯ್ದರೆ ಶೃಂಗೇರಿಯ ಗಾಂಧಿ ಮೈದಾನಕ್ಕೆ ತುಂಗೆ ನುಗ್ಗುತ್ತದೆ, ಕಪ್ಪೆ ಶಂಕರನ ಗುಡಿ ಮುಳುಗುತ್ತದೆ. ಹಳ್ಳಗಳ ಮೇಲೆ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇದ್ದಾರೆ. ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರು ಇದೆ, ನೋಡಲು ಶಾಂತ, ಅಡಿಯಲ್ಲಿ ಹಳೆಯ ಗದ್ದೆಯ ಕೆಸರು. ಇವಕ್ಕೆಲ್ಲ ಮೀಸಲಾದ ನೀರಿನ ರಕ್ಷಣಾ ತಂಡ ಇಲ್ಲ. ಅಗ್ನಿಶಾಮಕ ದಳದವರು ಬರುತ್ತಾರೆ, ಊರಿನ ಈಜು ಬಲ್ಲವರು ಲುಂಗಿ ಬಿಗಿದು ಇಳಿಯುತ್ತಾರೆ.

ಊರಿನವರನ್ನೇ ತಯಾರು ಮಾಡುವ ಯೋಜನೆ ಇಲ್ಲದಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ 2016ರಲ್ಲಿ ಪ್ರವಾಹದ ಅಪಾಯವಿರುವ 30 ಜಿಲ್ಲೆಗಳಲ್ಲಿ ಶುರುವಾಯಿತು, ಬಳಿಕ ಸುಮಾರು 369 ಕೋಟಿ ರೂಪಾಯಿ ವೆಚ್ಚದಲ್ಲಿ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು. 12 ದಿನದ ತರಬೇತಿ, ಒಂದು ಕಿಟ್, ವಿಮೆ. ತಲೆಗೆ ಭಾಗಿಸಿದರೆ 37 ಸಾವಿರ ರೂಪಾಯಿ ಆಸುಪಾಸು. ಸರಿಯಾದ ದಿಕ್ಕಿನ ಹೆಜ್ಜೆ, ಸಂಶಯವಿಲ್ಲ. ಆದರೆ ಇದೂ ಒಂದು ಸಲದ ಖರ್ಚೇ. ಮೂರನೇ ವರ್ಷ ಹಗ್ಗ ಹಳತಾದಾಗ, ತರಬೇತಿ ಪಡೆದ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದಾಗ ಏನು ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಉತ್ತರದ ಚೂರುಗಳು ಕರಾವಳಿಯಲ್ಲೇ ಅಲ್ಲಲ್ಲಿ ಬಿದ್ದಿವೆ. 2020ರ ಅಕ್ಟೋಬರ್‌ನಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ಅದರ 33 ಮಾನದಂಡಗಳಲ್ಲಿ ಲೈಫ್‌ಗಾರ್ಡ್, ರಕ್ಷಣಾ ಸಲಕರಣೆಯೂ ಸೇರಿದೆ. ಲೈಫ್‌ಗಾರ್ಡ್ ಇಲ್ಲದಿದ್ದರೆ ಬಾವುಟ ಇಳಿಯುತ್ತದೆ. ಪ್ರಮಾಣಪತ್ರದ ಭಯದಿಂದಲಾದರೂ ಅಲ್ಲಿ ಕಾದು ಕೂರುವವನ ಸಂಬಳ ಪ್ರತಿವರ್ಷದ ಲೆಕ್ಕದಲ್ಲಿ ಬರುತ್ತದೆ. ಕೇರಳ 2020ರಲ್ಲಿ ‘ಪ್ರತೀಕ್ಷಾ’ ಮೊದಲಾಗಿ ಮೂರು ಸಮುದ್ರ ಆಂಬುಲೆನ್ಸ್‌ಗಳನ್ನು ನೀರಿಗಿಳಿಸಿದಾಗ ಬಿಪಿಸಿಎಲ್ ಮತ್ತು ಕೊಚ್ಚಿನ್ ಶಿಪ್‌ಯಾರ್ಡ್ ಕೂಡ ಕೈ ಜೋಡಿಸಿದವು. ಕರ್ನಾಟಕವೂ 2024-25ರ ಬಜೆಟ್ಟಿನಲ್ಲಿ ಸಮುದ್ರ ಆಂಬುಲೆನ್ಸ್ ಘೋಷಿಸಿತು. ಬೋಟು ಕೊಳ್ಳುವುದು ಬಜೆಟ್ ಭಾಷಣಕ್ಕೆ ಒಪ್ಪುವ ವಿಷಯ. ಅದರೊಳಗೆ ರಾತ್ರಿ ಪಾಳಿಗೆ ಕೂರುವ ನರ್ಸು, ಚಾಲಕ, ಎಣ್ಣೆ ಇವು ಭಾಷಣದಲ್ಲಿ ಬರುವುದಿಲ್ಲ. ಬೋಟು ಬಂದ ಮೇಲೆ ನೋಡಬೇಕಾದ್ದು ಅದನ್ನೇ.

ಸರ್ಕಾರವೇ ಎಲ್ಲ ಮಾಡಲಿ ಎಂಬವರ ಜೊತೆಯೂ ನಾನಿಲ್ಲ, ಬ್ರಿಟನ್ನಿನಂತೆ ಎಲ್ಲ ದಾನದಿಂದಲೇ ನಡೆಯಲಿ ಎಂಬವರ ಜೊತೆಯೂ ಇಲ್ಲ. ದಾನ ಒಲಿದ ಕಡೆ ಹರಿಯುತ್ತದೆ. ಪ್ರಸಿದ್ಧ ಬೀಚಿಗೆ ಬಂದೀತು, ಕಾಲುಸಂಕದ ಹಳ್ಳಕ್ಕೆ ಬಾರದು. ಸಂಬಳ, ವಿಮೆ, ದೋಣಿ ಇವು ಜಿಲ್ಲಾಡಳಿತದ ಖಾಯಂ ಲೆಕ್ಕದಲ್ಲಿ ಇರಬೇಕು. ಬೀಚಿನ ಪಾರ್ಕಿಂಗ್ ಶುಲ್ಕ, ಸ್ಕೂಟರ್ ಬೋಟು, ಪ್ಯಾರಾಸೈಲಿಂಗ್ ನಡೆಸುವವರ ಲೈಸೆನ್ಸ್ ಶುಲ್ಕ, ಇವುಗಳಲ್ಲಿ ನಿರ್ದಿಷ್ಟ ಪಾಲನ್ನು ಅದೇ ಬೀಚಿನ ರಕ್ಷಣೆಗೆಂದು ಕಟ್ಟಿಡಬೇಕು. ಕರೆಗೆ ಬೋಟು ತಿರುಗಿಸಿದ ತಾಂಡೇಲನಿಗೆ ಕೋಸ್ಟ್ ಗಾರ್ಡ್‌ನ ಒಂದು ಚೀಟಿಯ ಮೇಲೆ ಆ ದಿನದ ಡೀಸೆಲ್ ಕೋಟಾ ವಾಪಸು ಸಿಗಬೇಕು. ಸಮವಸ್ತ್ರ ಇಲ್ಲದ ಮುಳುಗು ತಜ್ಞರನ್ನು ಅಧಿಕಾರಿಗಳು ಕರೆಸಿಕೊಂಡ ಹೊತ್ತಿನಿಂದ ಅವರು ಮನೆ ಮುಟ್ಟುವವರೆಗೆ ವಿಮೆಯ ನೆರಳಿನಲ್ಲಿ ಇರಬೇಕು. ಇದರಾಚೆಗೆ, ತಾಲೀಮಿಗೆ, ಸಲಕರಣೆಗೆ, ತಂಡದ ಕಟ್ಟಡಕ್ಕೆ ದಾನಿಗಳು ಬರಲಿ, ಇಡುಗಂಟು ಕಟ್ಟಲಿ.

ಅಷ್ಟರವರೆಗೆ, ಘಟ್ಟ ಇಳಿಯುವ ಬಸ್ಸಿನ ಮೇಷ್ಟ್ರುಗಳು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕಾದ ನಂಬರುಗಳು ಮೂರು: ಎಲ್ಲ ತುರ್ತಿಗೆ 112, ಕಡಲಿನ ಅನಾಹುತಕ್ಕೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093. ಅಲೆ ಒಡೆಯದೆ ನೀರು ನಯವಾಗಿ ಕಾಣುವ ಪಟ್ಟಿಯಲ್ಲಿ ಮಕ್ಕಳನ್ನು ಇಳಿಸಬೇಡಿ. ದಡಕ್ಕೆ ಬಂದ ನೀರು ಕಡಲಿಗೆ ವಾಪಸಾಗುವ ದಾರಿ ಸಾಮಾನ್ಯವಾಗಿ ಅದೇ. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರ ಈಜಿ ಸುಸ್ತಾಗುವ ಬದಲು ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬರಬೇಕು. ಇನ್ನು ಕೆರೆಕಟ್ಟೆಯಿಂದ ಶೃಂಗೇರಿವರೆಗೆ ಜನ ತುಂಗೆಗೆ ಇಳಿಯುವ ಕಡೆಗಳಲ್ಲಿ ಒಂದೊಂದು ಕಂಬ, ಅದಕ್ಕೊಂದು ತೇಲುವ ರಿಂಗು, ಮೂವತ್ತು ಮೀಟರ್ ನೈಲಾನ್ ಹಗ್ಗ, ಹತ್ತಿರದ ಈಜುಗಾರರ ನಂಬರಿರುವ ಬೋರ್ಡು. ಮೇ ತಿಂಗಳಲ್ಲಿ ಚರಂಡಿ ಬಿಡಿಸುವಾಗಲೇ ಈ ಹಗ್ಗಗಳನ್ನೂ ಎಳೆದು ನೋಡಿ, ಹಳತಾದದ್ದನ್ನು ಬದಲಿಸಿದರೆ ಜೂನ್ ಮೊದಲ ಮಳೆಗೆ ತಯಾರು.